ಬೋಲ್ಟ್ ಮುರಿದಿರಲಿಲ್ಲ, ಸೀಟು ಮಾತ್ರ ಅಲುಗುತ್ತಿತ್ತು: ಒಂದು ರ್ಯಾಲಿ ಕಾರಿನ ಪ್ರಕರಣ

ಕಾರು 1.6 ಲೀಟರ್ ಪೆಟ್ರೋಲ್ ಎಂಜಿನ್ನಿನ ಹ್ಯಾಚ್‌ಬ್ಯಾಕ್. ಒಳಗೆ ರೋಲ್ ಕೇಜ್ (ಕಾರು ಮಗುಚಿದರೆ ಒಳಗಿನವರನ್ನು ಕಾಯುವ ಉಕ್ಕಿನ ಪಂಜರ), ಮೈಯನ್ನು ಎರಡೂ ಪಕ್ಕೆಯಿಂದ ಹಿಡಿಯುವ ಎರಡು ಬಕೆಟ್ ಸೀಟು, ಆರು ಪಟ್ಟಿಯ ಸೀಟ್ ಬೆಲ್ಟ್, ಅಂದರೆ ಹಾರ್ನೆಸ್. ಬೆಂಗಳೂರಿನ ಒಂದು ಗ್ಯಾರೇಜಿನಲ್ಲಿ ಸಿದ್ಧವಾಗಿ, ಹೆಚ್ಚಾಗಿ ಚಿಕ್ಕಮಗಳೂರಿನ ಕಾಫಿ ತೋಟಗಳ ಮಣ್ಣು ದಾರಿಯಲ್ಲಿ ಓಡಿದ ಗಾಡಿ. ಚಾಲಕನ ದೂರು ಸರಳವಾಗಿತ್ತು: ಜೋರಾಗಿ ಬ್ರೇಕ್ ಒತ್ತಿದಾಗ ಬೆನ್ನ ಹಿಂದೆ ಎಲ್ಲೋ 'ಟಕ್' ಎನ್ನುತ್ತದೆ, ಮಳೆನೀರು ಹರಿಯಲು ದಾರಿಗೆ ಅಡ್ಡಲಾಗಿ ತೋಡಿದ ಚರಂಡಿಗಳನ್ನು ದಾಟುವಾಗ ಅದೇ ಸದ್ದು ಎರಡು ಸಲ ಬರುತ್ತದೆ.

ಇಂಥ ಸದ್ದು ಬಂದರೆ ಯಾರೂ ಮೊದಲು ಸೀಟನ್ನು ಅನುಮಾನಿಸುವುದಿಲ್ಲ. ಹಿಂದಿನ ಶಾಕ್ ಅಬ್ಸಾರ್ಬರಿನ ಮೇಲ್ತುದಿ, ಕೇಜಿನ ಬೋಲ್ಟ್ ಹಾಕಿದ ಕೂಡುಭಾಗ, ಸ್ಟೆಪ್ನಿಯ ಪಟ್ಟಿ ಎಲ್ಲವನ್ನೂ ನೋಡಿಯಾಯಿತು. ಕೊನೆಗೆ ಸಹಚಾಲಕ ತನ್ನ ಸೀಟಿನಲ್ಲಿ ಕುಳಿತೇ ಕೈಚಾಚಿ ಚಾಲಕನ ಸೀಟಿನ ಭುಜದ ಭಾಗವನ್ನು ಹಿಡಿದು ಜಗ್ಗಿದಾಗ ಅದು ಎರಡು ಮೂರು ಮಿಲಿಮೀಟರ್ ಅಲುಗಿತು. ಸದ್ದಿನ ಮೂಲ ಅಲ್ಲೇ ಇತ್ತು.

ಗ್ಯಾರೇಜಿನವರಿಗೆ ಇದು ಹೊಸ ವಿಷಯವಾಗಿರಲಿಲ್ಲ. ಹಿಂದಿನ ರ್ಯಾಲಿಯ ನಂತರವೂ ಸೀಟು ಸಡಿಲವಾಗಿತ್ತು, ಅವರು ಅದಕ್ಕೆ ಮದ್ದನ್ನೂ ಮಾಡಿದ್ದರು. "8.8 ಸಾಲದು ಎಂದು 12.9 ಹಾಕಿದ್ದೇವೆ ಸರ್. ಇದಕ್ಕಿಂತ ಗಟ್ಟಿ ಬೋಲ್ಟ್ ಮಾರುಕಟ್ಟೆಯಲ್ಲಿ ಇಲ್ಲ" ಎಂದರು ಮೇಸ್ತ್ರಿ. ಈ ಅಂಕಿಗಳು ಬೋಲ್ಟಿನ ಗಟ್ಟಿತನದ ದರ್ಜೆ. ಅವರ ಮಾತಿನ ಎರಡನೆಯ ಭಾಗ ಹೆಚ್ಚುಕಡಿಮೆ ನಿಜ. ಸಾಮಾನ್ಯ ಅಂಗಡಿಯಲ್ಲಿ ಸಿಗುವುದರಲ್ಲಿ 12.9 ಅತಿ ಗಟ್ಟಿ. ಆದರೂ ಸೀಟು ಅಲುಗುತ್ತಿದೆ. ಬಿಚ್ಚಿದಾಗ ಒಂದು ಬೋಲ್ಟೂ ಮುರಿದಿರಲಿಲ್ಲ, ಬಾಗಿರಲಿಲ್ಲ, ಥ್ರೆಡ್ ಕೂಡ ಸವೆದಿರಲಿಲ್ಲ. ಗಟ್ಟಿತನ ಕಡಿಮೆಯಾಗಿ ಸೋತ ಬೋಲ್ಟಿನ ಲಕ್ಷಣ ಒಂದೂ ಇಲ್ಲ. ಹಾಗಾದರೆ ಗಟ್ಟಿ ಬೋಲ್ಟಿನಿಂದ ಗುಣವಾಗುವ ಕಾಯಿಲೆಯೇ ಇದಾಗಿರಲಿಲ್ಲ ಎಂದಾಯಿತು.

ಬಿಚ್ಚಿದಾಗ ಕಂಡದ್ದು

ಸೀಟು ಗ್ಲಾಸ್ ಫೈಬರಿನದು, ಮೋಟಾರು ಕ್ರೀಡೆಯ ಜಾಗತಿಕ ಮಂಡಳಿಯಾದ ಎಫ್‌ಐಎ 8855-1999 ಮಾನದಂಡದ ಚೀಟಿ ಇರುವಂಥದು. ಎರಡೂ ಪಕ್ಕೆಗಳಲ್ಲಿ, ಫೈಬರಿನೊಳಗೆ ಹುದುಗಿಸಿದ ಎಂ8 (8 ಮಿ.ಮೀ. ವ್ಯಾಸದ ಬೋಲ್ಟಿನ) ಅಳತೆಯ ಉಕ್ಕಿನ ಇನ್ಸರ್ಟುಗಳು, ಅಂದರೆ ಒಳಗೆ ಥ್ರೆಡ್ ಇರುವ ತುಂಡುಗಳು, ನಾಲ್ಕು. ಅವಕ್ಕೆ 'ಎಲ್' ಆಕಾರದ ಎರಡು ಉಕ್ಕಿನ ಬ್ರ್ಯಾಕೆಟ್‌ಗಳು ಕೂರುತ್ತವೆ. 3 ಮಿ.ಮೀ. ತಗಡಿನಿಂದ ಇಲ್ಲೇ ಮಾಡಿಸಿ, ಕಪ್ಪು ಪೌಡರ್ ಕೋಟಿಂಗ್ ಕೊಡಿಸಿದ್ದು. ಬ್ರ್ಯಾಕೆಟ್ಟಿನ ಪಾದಗಳು ಮುಂದೆ ಕಾರಿನ ನೆಲದ ಅಡ್ಡ ತೊಲೆಗೂ ಹಿಂದೆ ನೇರವಾಗಿ ನೆಲದ ತಗಡಿಗೂ ಬೋಲ್ಟ್ ಆಗಿದ್ದವು. ಹೀಗೆ ಒಂದು ಸೀಟಿಗೆ ಎಂಟು ಜೋಡಣೆ. ಎಂಟರಲ್ಲೂ ದೋಷವಿತ್ತು, ಎಲ್ಲ ಕಡೆಯೂ ಒಂದೇ ಬಗೆಯದಲ್ಲ.

ಅತಿ ಸ್ವಾರಸ್ಯದ್ದು ಹಿಂದಿನ ಎಡಗಡೆಯ ಇನ್ಸರ್ಟ್. ಬೋಲ್ಟಿನ ತಲೆಯ ಕೆಳಗೆ ಒಂದು ಚಪ್ಪಟೆ ವಾಷರ್, ಅದರ ಕೆಳಗೆ ಸ್ಪ್ರಿಂಗ್ ವಾಷರ್. ಹೊರಗಿನಿಂದ ನೋಡಿದರೆ ಎಲ್ಲವೂ ಬಿಗಿಯಾಗಿಯೇ ಇದೆ. ಅಲೆನ್ ಕೀ ಹಾಕಿದರೆ ತಿರುಗುವುದೂ ಇಲ್ಲ. ಬಿಚ್ಚಿ ವರ್ನಿಯರಿನ ಬಾಲ (ಆಳ ಅಳೆಯುವ ಕಡ್ಡಿ) ಇಳಿಸಿ ಅಳೆದಾಗ ಆ ಇನ್ಸರ್ಟಿನ ಆಳ 13 ಮಿ.ಮೀ. ಮಾತ್ರ, ತಳದಲ್ಲಿ ರೆಸಿನ್ ಸೇರಿ ಗಟ್ಟಿಯಾಗಿತ್ತು. ಉಳಿದ ಮೂರರಲ್ಲಿ 15 ಇತ್ತು. ಹಾಕಿದ್ದ ಬೋಲ್ಟ್ 20 ಮಿ.ಮೀ. ಉದ್ದದ್ದು. ಬ್ರ್ಯಾಕೆಟ್ 3, ಚಪ್ಪಟೆ ವಾಷರ್ 1.6, ಅದುಮಿದ ಸ್ಪ್ರಿಂಗ್ ವಾಷರ್ 2, ಒಟ್ಟು 6.6 ಕಳೆದರೆ ಒಳಗೆ ಹೋಗಬೇಕಾದ್ದು 13.4. ಅಂದರೆ ತಲೆ ಪೂರ್ತಿ ಕೂರುವುದಕ್ಕೆ 0.4 ಮಿ.ಮೀ. ಮೊದಲೇ ಬೋಲ್ಟಿನ ತುದಿ ತಳಕ್ಕೆ ಹೋಗಿ ಗುದ್ದಿತ್ತು. ಟಾರ್ಕನ್ನು, ಅಂದರೆ ತಿರುಗಿಸುವ ಬಲವನ್ನು, ಅಳೆಯುವ ಟಾರ್ಕ್ ರೆಂಚ್ 'ಕ್ಲಿಕ್' ಎಂದಿರುತ್ತದೆ. ಹೇಳಿದಷ್ಟು ಟಾರ್ಕ್ ಬಂದಿರುತ್ತದೆ. ಆದರೆ ಅದು ತಳವನ್ನು ಒತ್ತುವುದಕ್ಕೆ ಖರ್ಚಾಯಿತೇ ಹೊರತು ಬ್ರ್ಯಾಕೆಟ್ಟನ್ನು ಸೀಟಿಗೆ ಅದುಮುವುದಕ್ಕಲ್ಲ. ಅಲ್ಲಿದ್ದದ್ದು ಸ್ಪ್ರಿಂಗ್ ವಾಷರಿನ ಅಲ್ಪ ಒತ್ತಡ ಮಾತ್ರ, ಮತ್ತು ಆ ಸಂದನ್ನು ಕಣ್ಣಿಗೆ ಬೀಳದಂತೆ ಮುಚ್ಚಿದ್ದೂ ಅದೇ ವಾಷರ್.

ಮೊದಲಿದ್ದ 8.8 ಬೋಲ್ಟ್ 16 ಮಿ.ಮೀ. ಉದ್ದದ್ದಂತೆ. 12.9ರಲ್ಲಿ ಆ ಉದ್ದ ಅಂಗಡಿಯಲ್ಲಿ ಇರಲಿಲ್ಲವಾದ್ದರಿಂದ 20 ತಂದಿದ್ದರು.

ಸೀಟಿನ ಉಳಿದ ಮೂರು ಜೋಡಣೆಗಳಲ್ಲಿ ಬ್ರ್ಯಾಕೆಟ್ಟಿನ ಉದ್ದ ತೂತಿನ ಸುತ್ತ ಪೌಡರ್ ಕೋಟಿಂಗ್ ಕಿತ್ತು ಹೊಳೆಯುತ್ತಿತ್ತು, ಅಂಚಿನಲ್ಲಿ ತುಕ್ಕಿನ ಬಣ್ಣದ ನುಣ್ಣನೆಯ ಪುಡಿ. ನೀರು ತಾಗದ ಜಾಗದಲ್ಲಿ ಈ ಪುಡಿ ಕಂಡರೆ ಎರಡು ಲೋಹದ ಮುಖಗಳು ಒಂದರ ಮೇಲೊಂದು ಸಣ್ಣದಾಗಿ ಜಾರುತ್ತಿವೆ ಎಂದೇ ಅರ್ಥ. ತೆಳು ವಾಷರುಗಳು ಉದ್ದ ತೂತಿನೊಳಕ್ಕೆ ಬಟ್ಟಲಿನಂತೆ ತಗ್ಗಿದ್ದವು. ಬೋಲ್ಟುಗಳು ಗುಂಡು ತಲೆಯ ಅಲೆನ್ ಬಗೆಯವು, ಕೀ ಹಾಕಲು ತಲೆಯಲ್ಲಿ ಷಟ್ಕೋನ ಗುಣಿ ಇರುವಂಥವು. ನೋಡಲು ಅಂದ, ಆದರೆ ಎಂ8 ಗುಂಡು ತಲೆಗೆ 5 ಮಿ.ಮೀ. ಅಲೆನ್ ಕೀ, ಅದೂ ಆಳವಿಲ್ಲದ ಗುಣಿ. ಅದೇ ಅಳತೆಯ ಸಿಲಿಂಡರ್ ತಲೆಯ ಅಲೆನ್ ಬೋಲ್ಟಿಗೆ 6 ಮಿ.ಮೀ. ಕೀ ಬರುತ್ತದೆ. ನಾಲ್ಕರಲ್ಲಿ ಒಂದರ ಷಟ್ಕೋನ ಆಗಲೇ ದುಂಡಗಾಗಿ, ಬಿಗಿ ಇದೆಯೇ ಇಲ್ಲವೇ ಎಂದು ಪರೀಕ್ಷಿಸಲೂ ಆಗದ ಸ್ಥಿತಿಗೆ ಬಂದಿತ್ತು. ಗುಂಡು ತಲೆಯ ಬೋಲ್ಟು ಅದೇ ದರ್ಜೆಯ ಮಾಮೂಲಿ ತಲೆಯ ಬೋಲ್ಟಿನಷ್ಟು ಭಾರ ಹೊರಲು ಉದ್ದೇಶಿಸಿದ್ದೂ ಅಲ್ಲ. ಸೀಟಿಗೆ ಅದನ್ನು ಬಳಸುವುದು ನನಗೆ ಎಂದೂ ಒಪ್ಪಿಗೆಯಾದದ್ದಿಲ್ಲ.

ಇನ್ನೂ ಒಂದು ತೊಡಕಿತ್ತು. ಎರಡು ಬ್ರ್ಯಾಕೆಟ್‌ಗಳ ನಡುವಿನ ಜಾಗಕ್ಕಿಂತ ಸೀಟು ಸುಮಾರು 12 ಮಿ.ಮೀ. ಕಿರಿದು. ಆ ಸಂದನ್ನು ತುಂಬುವ ಬದಲು ಬೋಲ್ಟ್ ತಿರುಗಿಸಿ ಬ್ರ್ಯಾಕೆಟ್ಟನ್ನೇ ಒಳಕ್ಕೆ ಬಾಗಿಸಿದ್ದರು. ಬಾಗಿದ ತಗಡು ಸದಾ ಹೊರಕ್ಕೆ ಎಳೆಯುತ್ತಿರುತ್ತದೆ. ಸೀಟಿನ ಮೈಗೆ ಅದರ ಅಂಚು ಮಾತ್ರ ತಾಗಿರುತ್ತದೆ, ಮುಖ ಪೂರ್ತಿ ಕೂರುವುದಿಲ್ಲ.

ನೆಲದ ಕಡೆಯದ್ದನ್ನು ಬೇಗ ಹೇಳಿಬಿಡುತ್ತೇನೆ. ಹಿಂದಿನ ಎರಡು ಬೋಲ್ಟುಗಳಿಗೆ ನೆಲದಡಿಯಲ್ಲಿ 30 ಮಿ.ಮೀ. ವ್ಯಾಸದ ಅಗಲ ವಾಷರ್ ಇತ್ತು, ಅದೂ ರಬ್ಬರಿನಂಥ ಅಂಡರ್‌ಕೋಟಿಂಗ್ ಮೇಲೆಯೇ. ಕೋಟಿಂಗ್ ಹಿಸುಕಿ ಹೊರಬಂದು, ನೆಲದ ತಗಡು ಅಲೆಯಂತೆ ಏರುತಗ್ಗಾಗಿತ್ತು. ಮುಂದೆ ಟೊಳ್ಳು ತೊಲೆಯ ಎರಡೂ ಗೋಡೆ ತೂರಿಸಿ ಬೋಲ್ಟ್ ಹಾಕಿದ್ದರು. ಒಳಗೆ ಗೋಡೆಗಳನ್ನು ಕುಸಿಯದಂತೆ ಹಿಡಿಯುವ ಕೊಳವೆಯಂಥ ಬುಷ್ ಇರಲಿಲ್ಲ. ಎಡಗಡೆ ತೊಲೆಯ ಮೇಲ್ಗೋಡೆ ಕಣ್ಣಿಗೆ ಕಾಣುವಷ್ಟು ಕುಸಿದಿತ್ತು. ಕೆಳಗಿನ ನೈಲಾಕ್ ನಟ್ಟುಗಳು (ತಾನಾಗಿ ತಿರುಗದಂತೆ ಒಳಗೆ ನೈಲಾನ್ ಬಳೆ ಇರುವಂಥವು) ಹಿಂದೆ ಬಳಸಿದವೇ. ಬೆರಳಿನಲ್ಲಿ ತಿರುಗಿಸಿದರೆ ತುದಿಯವರೆಗೂ ಹೋಗುತ್ತಿದ್ದವು.

ಗಟ್ಟಿ ಬೋಲ್ಟ್ ಏಕೆ ಸಹಾಯ ಮಾಡಲಿಲ್ಲ

ಬೋಲ್ಟನ್ನು ಎರಡು ತಗಡುಗಳ ನಡುವೆ ಹಾಕಿದ ಗೂಟ ಎಂದು ಭಾವಿಸುವುದರಿಂದಲೇ ಈ ಪ್ರಕರಣದ ಎಲ್ಲ ತಪ್ಪುಗಳೂ ಹುಟ್ಟಿವೆ. ಬಿಗಿದ ಬೋಲ್ಟ್ ಹಿಗ್ಗಿದ ಸ್ಪ್ರಿಂಗ್. ಹಿಗ್ಗಿದ್ದು ಕುಗ್ಗಲು ಹವಣಿಸುತ್ತದೆ, ಆ ಹವಣಿಕೆಯೇ ತಗಡುಗಳನ್ನು ಅದುಮಿ ಹಿಡಿಯುತ್ತದೆ. ಸೀಟು ಜಾರದಂತೆ ನಿಲ್ಲಿಸುವುದು ಆ ಅದುಮುವಿಕೆಯಿಂದ ಹುಟ್ಟುವ ಘರ್ಷಣೆ. ಹುಲ್ಲಿನ ಲೋಡಿಗೆ ಬಿಗಿದ ಹಗ್ಗವನ್ನು ನೆನೆಯಿರಿ: ದಾರಿಯಲ್ಲಿ ಹುಲ್ಲು ಕುಳಿತರೆ ಹಗ್ಗ ಸಡಿಲವಾಗುತ್ತದೆ, ಆಗ ಅದರ ಜಾಗದಲ್ಲಿ ಇನ್ನೂ ದಪ್ಪನೆಯ ಹಗ್ಗ ತಂದು ಕಟ್ಟಿದರೂ ಮುಂದಿನ ಊರಿನ ಹೊತ್ತಿಗೆ ಅದೇ ಕತೆ.

ಲೆಕ್ಕ ಹೀಗಿದೆ. ಎಂ8 ಬೋಲ್ಟಿನ ಭಾರ ಹೊರುವ ಅಡ್ಡಕೊಯ್ತ 36.6 ಚದರ ಮಿ.ಮೀ. 8.8 ದರ್ಜೆಯದಕ್ಕೆ ಒಣ ಥ್ರೆಡ್ಡಿನಲ್ಲಿ ಸುಮಾರು 25 ನ್ಯೂಟನ್ ಮೀಟರ್ ಟಾರ್ಕ್ ಕೊಟ್ಟರೆ ಹುಟ್ಟುವ ಹಿಡಿತ 16 ಕಿಲೊನ್ಯೂಟನ್ನಿನ ಆಸುಪಾಸು. ಒಂದೂವರೆ ಟನ್ನಿಗಿಂತ ಹೆಚ್ಚಿನ ತೂಕ ಅದರ ಮೇಲೆ ಕೂತಂತೆ. ಸೀಟಿನ ಪಕ್ಕೆಯ ಜೋಡಣೆಯಲ್ಲಿ ಬೋಲ್ಟ್ ಹಿಡಿದಿದ್ದ ದಪ್ಪ ಬರೀ 6.6 ಮಿ.ಮೀ. ತಲೆಯೊಳಗೂ ಇನ್ಸರ್ಟಿನೊಳಗೂ ಹಿಗ್ಗುವ ಭಾಗವನ್ನು ಸೇರಿಸಿದರೆ ಲೆಕ್ಕಕ್ಕೆ 13 ಮಿ.ಮೀ. ಅಷ್ಟು ಉದ್ದದ ಉಕ್ಕು 16 ಕಿಲೊನ್ಯೂಟನ್ನಿಗೆ ಹಿಗ್ಗುವುದು 0.028 ಮಿ.ಮೀ. ಮಾತ್ರ. ಇದೇ ನಮ್ಮ ಇಡೀ ಬಂಡವಾಳ.

ಈಗ ಅದರ ಕೆಳಗೆ ಏನಿದೆ ನೋಡಿ. ಪೌಡರ್ ಕೋಟಿಂಗಿನ ಒಂದು ಪದರ ಸಾಮಾನ್ಯವಾಗಿ 0.06ರಿಂದ 0.1 ಮಿ.ಮೀ. ದಪ್ಪ. ಬ್ರ್ಯಾಕೆಟ್ಟಿನ ಎರಡೂ ಮುಖಗಳಿಗೆ ಎರಡು ಪದರ. ಅದು ಪ್ಲಾಸ್ಟಿಕ್, ಒತ್ತಡದಲ್ಲಿ, ಬಿಸಿಲಿಗೆ ನಿಂತ ಕಾರಿನ ಕಾವಿನಲ್ಲಿ, ಮೆಲ್ಲನೆ ಹರಿಯುತ್ತದೆ. ಎರಡೂ ಪದರ ಸೇರಿ 0.01 ಮಿ.ಮೀ. ಕುಳಿತರೆ ಸಾಕು, ಹಿಡಿತದ ಮೂರನೆಯ ಒಂದು ಪಾಲಿಗಿಂತ ಹೆಚ್ಚು ಹೋಯಿತು. ಬೋಲ್ಟ್ ಒಂದು ಎಳೆಯೂ ತಿರುಗಬೇಕಿಲ್ಲ. ಥ್ರೆಡ್ ಲಾಕ್ ಅಂಟೂ ಇದನ್ನು ತಡೆಯುವುದಿಲ್ಲ, ಏಕೆಂದರೆ ಅದು ತಿರುಗುವುದನ್ನು ತಡೆಯಬಲ್ಲದೇ ಹೊರತು ಕೆಳಗಿನದು ಕುಸಿಯುವುದನ್ನಲ್ಲ.

12.9ಕ್ಕೆ ಹೋದರೆ? 8.8 ಎಂಬುದರ ಮೊದಲ ಅಂಕಿ 800 ಮೆಗಾಪಾಸ್ಕಲ್ ಎಳೆತದ ಶಕ್ತಿಯನ್ನು ಹೇಳುತ್ತದೆ, ಎರಡನೆಯದು ಅದರ ಎಂಟು ದಶಾಂಶ, ಅಂದರೆ 640ಕ್ಕೆ, ಬೋಲ್ಟ್ ಶಾಶ್ವತವಾಗಿ ಹಿಗ್ಗತೊಡಗುತ್ತದೆ ಎನ್ನುತ್ತದೆ. 12.9ಕ್ಕೆ ಇವು 1200 ಮತ್ತು 1080. ಆದರೆ ಹೀಗೆ ಶಾಶ್ವತವಾಗಿ ಹಿಗ್ಗತೊಡಗುವ ಮೊದಲಿನ ಹಿಗ್ಗುವಿಕೆಯಲ್ಲಿ ಎಲ್ಲ ದರ್ಜೆಯ ಉಕ್ಕೂ ಒಂದೇ. ಅದೇ ಬಲಕ್ಕೆ ಅದೇ 0.028. ಗ್ಯಾರೇಜಿನವರು 12.9 ಹಾಕಿ ಟಾರ್ಕನ್ನು ಮೊದಲಿನಷ್ಟೇ ಇಟ್ಟಿದ್ದರು, ಹಾಗಾಗಿ ಸಿಕ್ಕಿದ ಹಿಡಿತವೂ ಮೊದಲಿನಷ್ಟೇ. ಟಾರ್ಕನ್ನು ಏರಿಸಿದ್ದರೆ ಹಿಡಿತ ಹೆಚ್ಚುತ್ತಿತ್ತು ನಿಜ, ಆದರೆ ಫೈಬರಿನಲ್ಲಿ ಹುದುಗಿದ ಇನ್ಸರ್ಟ್ ಆ ಎಳೆತವನ್ನು ತಡೆದೀತೆಂಬ ಭರವಸೆ ಯಾರು ಕೊಡಬೇಕು? ಅಲ್ಲದೆ ಅಷ್ಟು ಗಟ್ಟಿ ಉಕ್ಕಿಗೆ ಎಲೆಕ್ಟ್ರೋಪ್ಲೇಟಿಂಗ್ ಮಾಡಿದರೆ ಹೈಡ್ರೋಜನ್ ಒಳಸೇರಿ, ಬಿಗಿದು ಇಟ್ಟ ಮೇಲೆ ಯಾವಾಗಲೋ ಒಂದು ದಿನ ತಲೆ ಹಾರುವ ಅಪಾಯವೂ ಉಂಟು. ಹೊಳೆಯುವ ಸತುವಿನ ಲೇಪದ 12.9 ಬೋಲ್ಟ್ ಕಂಡರೆ ನಾನು ಎರಡು ಹೆಜ್ಜೆ ಹಿಂದೆ ಸರಿಯುತ್ತೇನೆ.

ಸೀಟು ಯಾವಾಗ ಜಾರುತ್ತದೆ ಎಂಬುದನ್ನೂ ಅಂದಾಜಿಸಬಹುದು. ಚಾಲಕ 80 ಕಿಲೊ, ಸೀಟು 10. ಚರಂಡಿ ದಾಟುವಾಗಿನ ಹೊಡೆತವನ್ನು ಲೆಕ್ಕಕ್ಕಾಗಿ ಐದು ಪಟ್ಟು ಗುರುತ್ವ ಎಂದಿಟ್ಟುಕೊಂಡರೆ ಒಟ್ಟು ಬಲ 4.4 ಕಿಲೊನ್ಯೂಟನ್. ಘರ್ಷಣೆಯ ಅಂಶ 0.15 ಎಂದರೆ 16 ಕಿಲೊನ್ಯೂಟನ್ ಹಿಡಿತದ ಒಂದು ಬೋಲ್ಟ್ 2.4ರವರೆಗೆ ಜಾರದೆ ತಡೆಯುತ್ತದೆ. ನಾಲ್ಕು ಸೇರಿ 9.6. ಬೇಕಾದ್ದಕ್ಕಿಂತ ಎರಡು ಪಟ್ಟು. ನಮ್ಮ ಕಾರಿನಲ್ಲಿ ಒಂದು ಬೋಲ್ಟಿನ ಹಿಡಿತ ಇಲ್ಲವೇ ಇಲ್ಲ, ಉಳಿದ ಮೂರರಲ್ಲಿ ಮೂರನೆಯ ಒಂದು ಪಾಲು ಹೋಗಿದೆ ಎಂದುಕೊಳ್ಳೋಣ. ಮೂರೂ ಸೇರಿ 4.8. ಅಂಚಿನಲ್ಲಿ ನಿಂತಂತೆ. ಒಮ್ಮೆ ಜಾರಲು ಶುರುವಾಯಿತೆಂದರೆ ಮುಂದಿನದು ವೇಗವಾಗಿ ಆಗುತ್ತದೆ. ಬೋಲ್ಟಿನ ಅಡ್ಡಕ್ಕೆ ಆಗುವ ಇಂಥ ಜಾರಾಟವೇ ಅದನ್ನು ತಿರುಗಿಸಿ ಬಿಚ್ಚುವ ಮುಖ್ಯ ಕಾರಣ ಎಂಬುದನ್ನು ಜರ್ಮನಿಯ ಗೆರ್ಹಾರ್ಡ್ ಯುಂಕರ್ 1969ರಲ್ಲೇ ಯಂತ್ರ ಕಟ್ಟಿ ತೋರಿಸಿದ. ಇಂದಿಗೂ ಬೋಲ್ಟಿನ ಸಡಿಲಿಕೆಯನ್ನು ಪರೀಕ್ಷಿಸುವ ಯಂತ್ರಕ್ಕೆ ಅವನ ಹೆಸರೇ ಇದೆ. ಅಂಥ ಪರೀಕ್ಷೆಯಲ್ಲಿ ಅತಿ ಕಳಪೆಯಾಗಿ ನಡೆದುಕೊಳ್ಳುವವುಗಳಲ್ಲಿ ನಮ್ಮ ಎಲ್ಲ ಗ್ಯಾರೇಜುಗಳ ಪ್ರೀತಿಯ ಸ್ಪ್ರಿಂಗ್ ವಾಷರ್ ಒಂದು. ಬೋಲ್ಟಿನ ಹಿಡಿತದ ಒಂದು ಸಣ್ಣ ಪಾಲಿಗೇ ಅದು ಚಪ್ಪಟೆಯಾಗಿಬಿಡುತ್ತದೆ. ಆಮೇಲೆ ಅದು ಸೀಳಿದ, ಮಟ್ಟಸವಿಲ್ಲದ ಒಂದು ವಾಷರ್ ಅಷ್ಟೆ.

ಏನನ್ನು ಆರಿಸಿದೆವು

ಇಲ್ಲಿ ನಿಯಮಪುಸ್ತಕ ಬಹಳ ಉಪಯೋಗಕ್ಕೆ ಬಂತು. ಎಫ್‌ಐಎ ಅನುಬಂಧ 'ಜೆ'ಯ 253ನೆಯ ವಿಧಿ ಸೀಟಿನ ಬಗ್ಗೆ ಹೇಳುವುದು ಚಿಕ್ಕದಾಗಿಯೇ, ಆದರೆ ಒಂದು ಮಾತೂ ಸುಮ್ಮನೆ ಬಂದದ್ದಲ್ಲ. ಸೀಟಿಗೆ ನಾಲ್ಕು, ನೆಲಕ್ಕೆ ಕನಿಷ್ಠ ನಾಲ್ಕು ಕಡೆ ಬೋಲ್ಟ್. ವ್ಯಾಸ 8 ಮಿ.ಮೀ.ಗಿಂತ ಕಡಿಮೆ ಕೂಡದು. ಬ್ರ್ಯಾಕೆಟ್, ನೆಲ, ಅದರಡಿಯ ಪ್ಲೇಟು ಇವು ಪ್ರತಿ ಜಾಗದಲ್ಲೂ ಕನಿಷ್ಠ 40 ಚದರ ಸೆಂ.ಮೀ. ತಾಗಬೇಕು. ಬ್ರ್ಯಾಕೆಟ್ಟೂ ಪ್ಲೇಟೂ ಉಕ್ಕಿನದಾದರೆ 3 ಮಿ.ಮೀ., ಹಗುರ ಮಿಶ್ರಲೋಹದ್ದಾದರೆ 5 ಮಿ.ಮೀ. ದಪ್ಪ. ಪ್ರತಿ ಜೋಡಣೆ ಯಾವ ದಿಕ್ಕಿನಿಂದಲಾದರೂ 15,000 ನ್ಯೂಟನ್ ತಡೆಯಬೇಕು.

ಈ ಕೊನೆಯ ಅಂಕಿಯನ್ನು ಹಿಡಿದು ಬೋಲ್ಟಿನ ದರ್ಜೆಯನ್ನು ನೋಡಿದರೆ ಉತ್ತರ ತಾನಾಗಿ ಬರುತ್ತದೆ. 8.8 ದರ್ಜೆಯ ಎಂ8 ಎಳೆತಕ್ಕೆ 29 ಕಿಲೊನ್ಯೂಟನ್, ಥ್ರೆಡ್ ಭಾಗದಲ್ಲಿ ಅಡ್ಡ ಕತ್ತರಿಸಲು ಸುಮಾರು 17.5 ಕಿಲೊನ್ಯೂಟನ್. 15ಕ್ಕೆ ಸಾಕು. ತಲೆಯ ಮೇಲೆ ಯಾವ ಗುರುತೂ ಇಲ್ಲದ ಬೋಲ್ಟನ್ನು 4.8 ಎಂದೇ ಎಣಿಸಬೇಕು; ಅದರದ್ದು ಇದರ ಅರ್ಧ. ಸ್ಟೇನ್‌ಲೆಸ್ ಎ2-70 ಮಧ್ಯದಲ್ಲಿ ಬರುತ್ತದೆ, 450 ಮೆಗಾಪಾಸ್ಕಲಿಗೇ ಹಿಗ್ಗಿ ಉಳಿಯುತ್ತದೆ, ಮೇಲಾಗಿ ಥ್ರೆಡ್ ಕಚ್ಚಿಕೊಳ್ಳುವ ದುರಭ್ಯಾಸ ಬೇರೆ. ತುಕ್ಕು ಹಿಡಿಯದು ಎಂಬ ಒಂದೇ ಕಾರಣಕ್ಕೆ ಅದನ್ನು ಸೀಟಿಗೆ ಹಾಕುವವರಿದ್ದಾರೆ. ನಾವು ಜೆ.ಸಿ. ರಸ್ತೆಯಿಂದ ತಯಾರಕರ ಗುರುತೂ 8.8 ಅಂಕಿಯೂ ತಲೆಯ ಮೇಲೆ ಸ್ಪಷ್ಟವಾಗಿ ಒತ್ತಿದ ಷಟ್ಕೋನ ತಲೆಯ ಬೋಲ್ಟುಗಳನ್ನೂ 8ನೆಯ ದರ್ಜೆಯ ಹೊಸ ನೈಲಾಕ್ ನಟ್ಟುಗಳನ್ನೂ ತಂದೆವು. 12.9ಕ್ಕಿಂತ ಅಗ್ಗ. ಮೇಸ್ತ್ರಿಗೆ ಇದು ಇಳಿಕೆಯಂತೆ ಕಂಡದ್ದು ಸಹಜ. "ಮತ್ತೆ ಹಳೆಯದಕ್ಕೇ ಬಂದಿರಲ್ಲ ಸರ್" ಎಂದು ನಕ್ಕರು.

ಬದಲಾವಣೆ ನಡೆದದ್ದು ಬೋಲ್ಟಿನ ಕೆಳಗೆ. ಬ್ರ್ಯಾಕೆಟ್ಟಿನ ಜೋಡಣೆಯ ಮುಖಗಳಲ್ಲಿ ಪೌಡರ್ ಕೋಟಿಂಗನ್ನು ಬರಿಯ ಉಕ್ಕು ಕಾಣುವವರೆಗೆ ಕೆರೆದು ತೆಗೆದೆವು. ಸೀಟಿಗೂ ಬ್ರ್ಯಾಕೆಟ್ಟಿಗೂ ನಡುವಿನ ಸಂದಿಗೆ ಲೇತಿನಲ್ಲಿ 6 ಮಿ.ಮೀ. ದಪ್ಪ, 30 ಮಿ.ಮೀ. ವ್ಯಾಸದ ಉಕ್ಕಿನ ಬಿಲ್ಲೆಗಳನ್ನು ಮಾಡಿಸಿದೆವು; ವಾಷರುಗಳನ್ನು ಒಂದರ ಮೇಲೊಂದು ಪೇರಿಸಿ ಸಂದು ತುಂಬುವ ರೂಢಿ ಕೆಟ್ಟದ್ದು, ಪ್ರತಿ ವಾಷರಿಗೂ ಕುಳಿತುಕೊಳ್ಳಲು ಎರಡು ಮುಖಗಳಿರುತ್ತವೆ. ತಲೆಯ ಕೆಳಗೆ ತೆಳು ವಾಷರಿನ ಬದಲು 4 ಮಿ.ಮೀ. ದಪ್ಪದ ಗಟ್ಟಿ ವಾಷರ್, ಉದ್ದ ತೂತನ್ನು ದಾಟಿ ಎರಡೂ ಅಂಚಿನ ಮೇಲೆ ಕೂರುವಷ್ಟು ಅಗಲ. ಈಗ ಬೋಲ್ಟ್ ಹಿಡಿಯುವ ದಪ್ಪ 4, 3, 6 ಸೇರಿ 13 ಮಿ.ಮೀ. ಹಿಗ್ಗುವಿಕೆ 0.028ರಿಂದ 0.041ಕ್ಕೆ ಏರಿತು. ಅದೇ 0.01 ಮಿ.ಮೀ. ಕುಸಿದರೂ ಹೋಗುವುದು ಕಾಲು ಪಾಲು, ಅಷ್ಟಲ್ಲದೆ ಕುಸಿಯುವ ಪದರವೇ ಈಗ ಇಲ್ಲ. 25 ಮಿ.ಮೀ. ಬೋಲ್ಟಿನ 12 ಮಿ.ಮೀ. ಇನ್ಸರ್ಟಿನೊಳಗೆ ಹೋಗುತ್ತದೆ, ವ್ಯಾಸದ ಒಂದೂವರೆ ಪಟ್ಟು. ರೆಸಿನ್ ತುಂಬಿದ ಆ ಒಂದು ಇನ್ಸರ್ಟಿಗೆ ಮಾತ್ರ ಬೋಲ್ಟಿನ ತುದಿಯನ್ನು ಒಂದು ಮಿಲಿಮೀಟರ್ ಉಜ್ಜಿ, ತಳಕ್ಕೆ ಎರಡು ಮಿಲಿಮೀಟರ್ ಜಾಗ ಬಿಟ್ಟೆವು. ಟ್ಯಾಪ್ ಹೊಡೆದು ಇನ್ಸರ್ಟನ್ನೇ ಆಳ ಮಾಡಬಹುದೆಂಬ ಸಲಹೆ ಬಂದಿತ್ತು. ಮಾನ್ಯತೆ ಪಡೆದ ಸೀಟನ್ನು ತಿದ್ದುವಂತಿಲ್ಲವಾದ್ದರಿಂದ ಅದನ್ನು ಅಲ್ಲಿಗೇ ಬಿಟ್ಟೆವು.

ಮುಂದಿನ ತೊಲೆಯಲ್ಲಿ ಕುಸಿದ ಗೋಡೆಯನ್ನು ಟಿಂಕರಿಂಗ್ ಮಾಡಿ ಮಟ್ಟಕ್ಕೆ ತಂದು, ತೂತನ್ನು ದೊಡ್ಡದಾಗಿಸಿ, 30 ಮಿ.ಮೀ. ಎತ್ತರದ ಉಕ್ಕಿನ ಬುಷ್ ತೂರಿಸಿ ಎರಡೂ ಕಡೆ ಬೆಸುಗೆ ಹಾಕಿಸಲಾಯಿತು. ಈಗ ಬೋಲ್ಟ್ ಬಿಗಿದರೆ ಒತ್ತಡ ಬುಷ್ಷಿನ ಮೂಲಕ ಇಳಿಯುತ್ತದೆ, ತೊಲೆ ಹಿಸುಕುವುದಿಲ್ಲ. 50 ಮಿ.ಮೀ. ಉದ್ದದ ಬೋಲ್ಟ್ ಇಲ್ಲಿ 0.08 ಮಿ.ಮೀ. ಹಿಗ್ಗುತ್ತದೆ. ಎಂಟು ಜೋಡಣೆಗಳಲ್ಲಿ ನಾನು ನಿಶ್ಚಿಂತೆಯಿಂದ ನಂಬುವುದು ಈ ಎರಡನ್ನು. ಹಿಂದೆ ಅಂಡರ್‌ಕೋಟಿಂಗ್ ಕೆರೆದು, 65 ಮಿ.ಮೀ. ಚೌಕದ 3 ಮಿ.ಮೀ. ಪ್ಲೇಟುಗಳನ್ನು ಅಂಚು ಉಜ್ಜಿ ಕೂರಿಸಿದೆವು. ಅದು 42 ಚದರ ಸೆಂ.ಮೀ. ಆಯಿತು, ಹಳೆಯ 30 ಮಿ.ಮೀ. ವಾಷರಿನದ್ದು ಆರೂವರೆ ಮಾತ್ರ. ಬ್ರ್ಯಾಕೆಟ್ಟಿನ ಪಾದಗಳನ್ನೂ ಅದಕ್ಕೆ ತಕ್ಕಂತೆ ಅಗಲ ಮಾಡಿಸಬೇಕಾಯಿತು. ಹಿಂದಿನ ಈ ಎರಡು ಜೋಡಣೆಗಳು ಈಗಲೂ ಗಿಡ್ಡವೇ. ಮತ್ತೆ ಮತ್ತೆ ನೋಡಬೇಕಾದವು ಅವೇ.

ಬಿಗಿದ ಕ್ರಮ

ಹೆಚ್ಚಿನ ಗ್ಯಾರೇಜುಗಳಲ್ಲಿರುವ ಟಾರ್ಕ್ ರೆಂಚ್ ಚಕ್ರದ ನಟ್ಟಿಗೆಂದು ಕೊಂಡದ್ದು. 40ರಿಂದ 200 ನ್ಯೂಟನ್ ಮೀಟರ್. ಅದರಲ್ಲಿ ನಮಗೆ ಬೇಕಾದ 22 ಓದುವುದು ಸಾಧ್ಯವೇ ಇಲ್ಲ. ಸಣ್ಣ ರೆಂಚನ್ನು ಎರವಲು ತಂದೆವು. ಒಳ್ಳೆಯ ಕ್ಲಿಕ್ ರೆಂಚಿನ ದೋಷ ಶೇ. 4ರೊಳಗೆ ಇರುತ್ತದೆ. ಆದರೆ ಕೊಟ್ಟ ಟಾರ್ಕಿನಲ್ಲಿ ಸುಮಾರು ಶೇ. 90 ತಲೆಯಡಿಯ ಮತ್ತು ಥ್ರೆಡ್ಡಿನ ಘರ್ಷಣೆಗೇ ಹೋಗಿ, ಬೋಲ್ಟನ್ನು ಹಿಗ್ಗಿಸಲು ಉಳಿಯುವುದು ಹತ್ತರ ಆಸುಪಾಸು. ಘರ್ಷಣೆ ಸ್ವಲ್ಪ ಬದಲಾದರೂ ಹಿಡಿತ ಬಹಳ ಬದಲಾಗುತ್ತದೆ. ಆದ್ದರಿಂದ ರೆಂಚಿನ ನಿಖರತೆಗಿಂತ ಥ್ರೆಡ್ ಒಣಗಿದೆಯೇ, ಎಣ್ಣೆ ತಾಗಿದೆಯೇ, ಮರಳು ಕೂತಿದೆಯೇ ಎಂಬುದು ದೊಡ್ಡ ಪ್ರಶ್ನೆ. ಸೀಟಿನೊಂದಿಗೆ ತಯಾರಕರ ಕಾಗದ ಇದ್ದರೆ ಅದರಲ್ಲಿನ ಅಂಕಿಯೇ ಅಂತಿಮ, ಯಾವ ಪಟ್ಟಿಯೂ ಅದರ ಮುಂದೆ ನಿಲ್ಲದು. ಇದು ಯಾರಿಂದಲೋ ಕೊಂಡ ಸೀಟು, ಕಾಗದ ಇರಲಿಲ್ಲ. ಇನ್ಸರ್ಟುಗಳನ್ನು ಒರೆಸಿ, ಬೋಲ್ಟಿಗೆ ನಡುಮಟ್ಟದ ನೀಲಿ ಥ್ರೆಡ್ ಲಾಕ್ ಹಚ್ಚಿ, 22 ನ್ಯೂಟನ್ ಮೀಟರಿಗೆ ನಿಲ್ಲಿಸಿದೆವು. ಹಸಿ ಅಂಟು ಜಾರಿಸುವ ಎಣ್ಣೆಯಂತೆಯೂ ಕೆಲಸ ಮಾಡುವುದರಿಂದ ಒಣ ಥ್ರೆಡ್ಡಿನ 25ಕ್ಕೆ ಬರುವ ಹಿಡಿತವೇ ಇಲ್ಲೂ ಬರುತ್ತದೆ.

ಮೊದಲು ಎಲ್ಲ ಬೋಲ್ಟುಗಳನ್ನೂ ಬೆರಳಿನಿಂದ ತಿರುಗಿಸಿ ಸೀಟನ್ನು ಕಾರಿನಲ್ಲೇ ಕೂರಿಸಿದೆವು. ಬೆರಳಿಗೆ ತಿರುಗದ ಬೋಲ್ಟು ಏನನ್ನೋ ಹೇಳುತ್ತಿರುತ್ತದೆ. ಅಲ್ಲಿ ಸ್ಪ್ಯಾನರ್ ಹಾಕುವುದು ಅದರ ಬಾಯಿ ಮುಚ್ಚಿದಂತೆ. ಚಾಲಕ ಹೆಲ್ಮೆಟ್ ಧರಿಸಿ ಕೂತು, ಸ್ಟೀರಿಂಗಿಗೂ ಪೆಡಲಿಗೂ ದೂರ ಸರಿಯಾಯಿತೆಂದ ಮೇಲೆ ಉದ್ದ ತೂತುಗಳಲ್ಲಿ ಬೋಲ್ಟಿನ ಜಾಗಕ್ಕೆ ಗುರುತು ಹಾಕಿ, ಸೀಟನ್ನು ಬ್ರ್ಯಾಕೆಟ್ ಸಮೇತ ಹೊರತೆಗೆದೆವು. ಪಕ್ಕೆಯ ನಾಲ್ಕು ಬೋಲ್ಟುಗಳನ್ನು ಬಿಗಿದದ್ದು ಕಾರಿನ ಹೊರಗೆ, ಮೇಜಿನ ಮೇಲೆ. ಬಾಗಿಲಿನ ಹೊಸ್ತಿಲಿಗೂ ಬ್ರ್ಯಾಕೆಟ್ಟಿಗೂ ನಡುವಿನ ಎರಡು ಬೆರಳಿನ ಜಾಗದಲ್ಲಿ ಟಾರ್ಕ್ ರೆಂಚ್ ಆಡುವುದಿಲ್ಲ. ಗುಂಡು ತಲೆಯ ಅಲೆನ್ ಬೋಲ್ಟಿನ ಮೋಹ ಹುಟ್ಟಿದ್ದೂ ಬಹುಶಃ ಆ ಇಕ್ಕಟ್ಟಿನಿಂದಲೇ. ಮೊದಲ ಸುತ್ತು 12ಕ್ಕೆ, ಎರಡನೆಯದು 22ಕ್ಕೆ. ಪಾದಗಳನ್ನು ಮಟ್ಟಸ ಪ್ಲೇಟಿನ ಮೇಲಿಟ್ಟು ನಾಲ್ಕೂ ತಾಗುತ್ತವೆಯೇ ಎಂದು ನೋಡಿ, ಆಮೇಲೆ ಕಾರಿಗೆ ಇಳಿಸಿದೆವು. ನೆಲದ ತೂತುಗಳಿಗೆ ಬೋಲ್ಟು ಸಲೀಸಾಗಿ ಇಳಿಯಬೇಕು, ಸೀಟನ್ನು ಜಗ್ಗಿ ತೂತು ಹೊಂದಿಸುವುದು ಹಳೆಯ ಬಾಗಿದ ಬ್ರ್ಯಾಕೆಟ್ಟಿನ ಕತೆಯನ್ನೇ ಮತ್ತೆ ಶುರು ಮಾಡುತ್ತದೆ.

ನೈಲಾಕ್ ನಟ್ ತನ್ನ ನೈಲಾನ್ ಬಳೆಯಿಂದಲೇ ತಿರುಗುವುದನ್ನು ತಡೆಯುತ್ತದೆ. ಬಿಗಿಯಾಗುವ ಮೊದಲು, ಸುಮ್ಮನೆ ತಿರುಗಿಸಲು ಎಷ್ಟು ಬೇಕಾಗುತ್ತದೋ ಅಷ್ಟನ್ನು ಅಳೆದು ಗುರಿಯ ಟಾರ್ಕಿಗೆ ಕೂಡಿಸಬೇಕು, ಇಲ್ಲದಿದ್ದರೆ ಅಷ್ಟು ಹಿಡಿತ ಕಡಿಮೆಯಾಗುತ್ತದೆ. ಒಮ್ಮೆ ಬಿಚ್ಚಿದ್ದನ್ನು ಎಸೆಯಬೇಕು. ಕೆಳಗಿನಿಂದ ಒಬ್ಬರು ನಟ್ ತಿರುಗಿಸುವಾಗ ಮೇಲಿನಿಂದ ಇನ್ನೊಬ್ಬರು ಬೋಲ್ಟಿನ ತಲೆಯನ್ನು ಅಲುಗದಂತೆ ಹಿಡಿದಿದ್ದರು. ಕೊನೆಗೆ ಪ್ರತಿ ತಲೆಯಿಂದ ಬ್ರ್ಯಾಕೆಟ್ಟಿಗೆ ಬಿಳಿ ಬಣ್ಣದ ಒಂದು ಗೆರೆ.

ಬರಿಯ ಉಕ್ಕೂ ಮೊದಲ ಓಟದಲ್ಲಿ ಕೊಂಚ ಕುಳಿತುಕೊಳ್ಳುತ್ತದೆ. ತೋಟದ ದಾರಿಯಲ್ಲಿ ಅಭ್ಯಾಸದ ಓಟ ಮುಗಿದ ಮೇಲೆ ನೆಲದ ನಟ್ಟುಗಳನ್ನು ಅದೇ ಟಾರ್ಕಿಗೆ ಮತ್ತೆ ನೋಡಿದೆವು. ಮುಂದಿನವು ಕದಲಲಿಲ್ಲ. ಹಿಂದಿನ ಎರಡೂ ಕ್ಲಿಕ್ ಎನ್ನುವ ಮೊದಲು ತುಸು ತಿರುಗಿದವು, ನಿರೀಕ್ಷೆಯಂತೆಯೇ. ಪಕ್ಕೆಯವನ್ನು ರೆಂಚಿನಿಂದ ಮುಟ್ಟಲಿಲ್ಲ. ಗಟ್ಟಿಯಾದ ಅಂಟನ್ನು ಒಡೆದು 'ಪರೀಕ್ಷಿಸುವುದು' ಪರೀಕ್ಷೆಯಲ್ಲ. ಗೆರೆಗಳು ನೇರವಾಗಿದ್ದವು, ಅಂಚಿನಲ್ಲಿ ಪುಡಿ ಇರಲಿಲ್ಲ. ರ್ಯಾಲಿಯ ನಂತರವೂ ಇರಲಿಲ್ಲ. ಸದ್ದು ನಿಂತಿತ್ತು.

ಒಂದು ಮಾತನ್ನು ಇಲ್ಲೇ ಸೇರಿಸಬೇಕು. ಇದೆಲ್ಲ ಕೇಜು, ಹಾರ್ನೆಸ್, ಹೆಲ್ಮೆಟ್ ಇರುವ ಸ್ಪರ್ಧೆಯ ಕಾರಿನ ಸಂಗತಿ. ದಿನನಿತ್ಯದ ಕಾರಿಗೆ ಬಕೆಟ್ ಸೀಟು ಹಾಕಿದರೆ ಪಕ್ಕದ ಏರ್‌ಬ್ಯಾಗ್, ಬೆಲ್ಟಿನ ಬಕಲ್, ಎತ್ತರ ಹೊಂದಾಣಿಕೆ ಎಲ್ಲವೂ ಹೋಗುತ್ತವೆ. ತಯಾರಕರ ವಿನ್ಯಾಸದಿಂದ ಬೇರೆಯಾಗುವಂಥ ಬದಲಾವಣೆಗೆ 1988ರ ಮೋಟಾರು ವಾಹನ ಕಾಯ್ದೆಯ 52ನೆಯ ಕಲಮು ಅಡ್ಡ ಬರುತ್ತದೆ.

ಋತುವಿನ ಕೊನೆಗೆ ಇನ್ನೊಂದು ಕೆಲಸ ಬಂತು. 8855-1999 ಮಾನದಂಡದ ಸೀಟಿಗೆ ತಯಾರಾದ ದಿನದಿಂದ ಐದು ವರ್ಷದ ಆಯಸ್ಸು. ಚೀಟಿಯಲ್ಲಿದ್ದ ತಿಂಗಳು ಮುಗಿಯುತ್ತಿತ್ತು. ಚಾಲಕ ಬೇರೆ ಕಂಪನಿಯ ಸೀಟು ತಂದರು. ಅದೂ ಎಂ8, ತೂತುಗಳ ಅಂತರವೂ ಅದೇ, ಆದ್ದರಿಂದ ಹಳೆಯ ಬೋಲ್ಟುಗಳನ್ನೇ ಹಾಕಬಹುದೆಂದು ಕೈಗೆತ್ತಿಕೊಂಡದ್ದೂ ಆಗಿತ್ತು. ಅದನ್ನು ತಡೆದು ವರ್ನಿಯರ್ ತಂದವರು ಮೇಸ್ತ್ರಿಯೇ. ಇನ್ಸರ್ಟಿನ ಆಳ ನಾಲ್ಕರಲ್ಲೂ 11 ಮಿ.ಮೀ. ಮಾತ್ರ. ಈ ಸೀಟು ಸ್ವಲ್ಪ ಅಗಲ, ಬಿಲ್ಲೆ 4 ಮಿ.ಮೀ. ಸಾಕು, ದಪ್ಪ ವಾಷರ್ 4, ಬ್ರ್ಯಾಕೆಟ್ 3 ಸೇರಿ 11. ಬೋಲ್ಟ್ 20 ಮಿ.ಮೀ.ಗೆ ಇಳಿಯಿತು, ಒಳಗೆ ಹೋಗುವುದು 9. ಈ ಸೀಟಿನ ಜೊತೆ ಕಾಗದವೂ ಇತ್ತು, ಟಾರ್ಕನ್ನು ಅದರಂತೆಯೇ ಕೊಟ್ಟೆವು. ನೆಲಕ್ಕೆ ಹೊಸ ನೈಲಾಕ್ ನಟ್ಟು ಬಿಟ್ಟರೆ ಬೇರೇನೂ ಬೇಕಾಗಲಿಲ್ಲ.